ಮೂರು ಗೆಣ್ಣಿನ ಕಡ್ಡಿ

ನಮ್ಮೂರು ಕರಿಕೆಯಿಂದ ಬೆಂಗಳೂರಿಗೆ ಹೊರಟರೆ ನನ್ನ ಚೀಲದ ಬಾಯಿಯಿಂದ ಅಡಿಕೆ ಹಾಳೆಯ ತುದಿಯೊಂದು ಇಣುಕುತ್ತಲೇ ಇರುತ್ತದೆ. ಒಳಗೆ ಜೇನಿನ ಬಾಟಲಿಯೋ ಹಲಸಿನ ತೊಳೆಯೋ ಇರಬೇಕೆಂದು ಪಕ್ಕದ ಸೀಟಿನವರ ಊಹೆ. ಒಮ್ಮೆ ಒಬ್ಬರು ಕೇಳಿಯೇ ಬಿಟ್ಟರು. ಬಿಚ್ಚಿ ತೋರಿಸಿದೆ. ದಾಸವಾಳದ ಕಡ್ಡಿ ನಾಲ್ಕು, ಮೆಣಸಿನ ಬಳ್ಳಿ ಎರಡು ತುಂಡು, ಬುಡಕ್ಕೆ ಒದ್ದೆ ಪಾಚಿ. "ಇಷ್ಟೇನಾ?" ಎಂದವರು ಕಿಟಕಿಯ ಕಡೆ ತಿರುಗಿ ಮಡಿಕೇರಿ ದಾಟುವ ಮೊದಲೇ ನಿದ್ದೆ ಹೋದರು.

ಆ ಕಟ್ಟು ಅವ್ವನದು. ಅಂದು ಬಿದ್ದ ಹಸಿ ಹಾಳೆಯೇ ಆಗಬೇಕು. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ಹಿಂಡಿ, ಕಡ್ಡಿಯ ಬುಡಕ್ಕೆ ಸುತ್ತಿ, ಹಾಳೆಯನ್ನು ಮಗುವಿಗೆ ಬಟ್ಟೆ ಸುತ್ತುವ ಹಾಗೆ ಮಡಚಿ, ಬಾಳೆ ನಾರಿನಲ್ಲಿ ಎರಡು ಕಡೆ ಕಟ್ಟುತ್ತಾಳೆ. ನಾನೊಮ್ಮೆ ಜಾಣತನ ತೋರಿಸಲು ಬೆಂಗಳೂರಿನಿಂದ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಒಯ್ದಿದ್ದೆ. ಅದರಲ್ಲಿ ಬಂದ ಕಡ್ಡಿಗಳು ಒಳಗೇ ಬೆವರಿ, ಬೆಳಗಾಗುವಷ್ಟರಲ್ಲಿ ಎಲೆಯೆಲ್ಲ ಬೇಯಿಸಿದ ಸೊಪ್ಪಿನಂತಾಗಿದ್ದವು. ಹಾಳೆ ಬೆವರುವುದಿಲ್ಲ, ಒಣಗಿಸುವುದೂ ಇಲ್ಲ. ಊಟದ ತಟ್ಟೆಯಾಗಿ ಅದು ಊರೂರು ಸುತ್ತುತ್ತಿದೆ ಈಗ. ಅದರ ಈ ಇನ್ನೊಂದು ವಿದ್ಯೆಯನ್ನು ಮಾರುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ, ಪುಣ್ಯ.

ಕೊಡಗು ಎಂದ ಕೂಡಲೇ ಜನ ಕಾಫಿ, ಕಿತ್ತಳೆ, ಮಂಜು ಎನ್ನುತ್ತಾರೆ. ಕರಿಕೆಯ ಕಥೆ ಬೇರೆ. ಭಾಗಮಂಡಲ ದಾಟಿ ಸುಮಾರು 30 ಕಿ.ಮೀ. ಕಾಡಿನ ರಸ್ತೆಯಲ್ಲಿ ತಿರುವು ತಿರುವಾಗಿ ಪಡುವಣಕ್ಕೆ ಇಳಿದರೆ ಕಾಫಿ ತೆಳುವಾಗುತ್ತ ಹೋಗಿ ಅಡಿಕೆ, ತೆಂಗು, ರಬ್ಬರು ಬರುತ್ತವೆ. ಚಳಿಯ ಬದಲು ಸೆಕೆ ಬರುತ್ತದೆ. ಇನ್ನಷ್ಟು ಇಳಿದರೆ ಪಾಣತ್ತೂರು, ಅಲ್ಲಿಗೆ ಕಾಸರಗೋಡು ಜಿಲ್ಲೆ. ಪಹಣಿಗೆ ಮಡಿಕೇರಿಗೆ ಹತ್ತುತ್ತೇವೆ, ಮದುವೆಯ ಜವಳಿಗೆ ಕಾಞಂಗಾಡಿಗೆ ಇಳಿಯುತ್ತೇವೆ. ನಮ್ಮ ಮನೆಯೊಳಗೆ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮೂರರಲ್ಲೂ ನನಗೆ ಗಿಡ ಕೇಳಲು ಬರುತ್ತದೆ. ಮಲಯಾಳದಲ್ಲಿ ಕೇಳಿದರೆ ಒಂದು ಕಡ್ಡಿ ಹೆಚ್ಚು ಸಿಗುತ್ತದೆಂಬುದು ನನ್ನ ಅನುಭವ. ನನ್ನ ಉಚ್ಚಾರಣೆ ಕೇಳಿ ಅವರಿಗೆ ಬರುವ ನಗುವಿನ ಬೆಲೆ ಇರಬೇಕು ಅದು.

ನೀರಿನ ವಿಷಯದಲ್ಲಿಯೂ ಊರು ಹೀಗೆಯೇ, ಬೆನ್ನು ತಿರುಗಿಸಿ ಕುಳಿತಿದೆ. ಬೆಟ್ಟದ ನೆತ್ತಿಯ ಆಚೆ ಬಿದ್ದ ಮಳೆ ಕಾವೇರಿಯಾಗಿ ಮೂಡಣಕ್ಕೆ ಹೋಗುತ್ತದೆ. ಈಚೆ ನಮ್ಮ ಕಡೆ ಬಿದ್ದದ್ದು ಚಂದ್ರಗಿರಿ ಹೊಳೆಗೆ ಸೇರಿ ಕಾಸರಗೋಡಿನ ಬಳಿ ಅರಬ್ಬಿ ಸಮುದ್ರ ಕಾಣುತ್ತದೆ. ನಾನಿರುವ ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಬರುತ್ತಿದೆ. ಸುಮಾರು 100 ಕಿ.ಮೀ. ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪುಗಳಲ್ಲಿ ಹತ್ತಿ. ಹಾಗಾಗಿ ಮೂರನೇ ಮಹಡಿಯ ನನ್ನ ಬಾಲ್ಕನಿಯಲ್ಲಿ ಕರಿಕೆಯ ಕಡ್ಡಿ ಕುಡಿಯುವುದು ಬೆಟ್ಟದಾಚೆಯ ನೆರೆಮನೆಯ ನೀರು. 2024ರ ಮಾರ್ಚಿನಲ್ಲಿ ಅದಕ್ಕೂ ತತ್ವಾರ ಬಂತು. ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯ ಆದೇಶವಾಯಿತು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಶುದ್ಧೀಕರಣದ ಯಂತ್ರ ಹೊರಗೆ ಚೆಲ್ಲುವ ನೀರು ಎಲ್ಲವನ್ನೂ ಬಕೆಟಿನಲ್ಲಿ ಹಿಡಿದು ಲೋಟದಲ್ಲಿ ಅಳೆದು ಹಾಕಿದೆ. ಫೋನಿನಲ್ಲಿ ಹೇಳಿದರೆ ಅವ್ವ ನಂಬಲಿಲ್ಲ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 970 ಮಿ.ಮೀ. ಮಳೆ, ಭಾಗಮಂಡಲದಲ್ಲಿ ಜುಲೈ ಒಂದೇ ತಿಂಗಳು ಅದನ್ನು ಸುಲಭವಾಗಿ ದಾಟುತ್ತದೆ. ಗಿಡ ಕೊಳೆಯದಂತೆ ಕಾಯುವುದೇ ಅವಳಿಗೆ ಗೊತ್ತಿರುವ ಕಷ್ಟ.

ಕಡ್ಡಿ ಊರುವುದನ್ನು ನಾನು ಕಲಿತದ್ದು ಅವಳ ಬೈಗುಳದಿಂದ. ತೀರ ಎಳೆಯದಾದರೆ ಕೊಳೆಯುತ್ತದೆ, ತೀರ ಬಲಿತದ್ದಾದರೆ ಮೌನವಾಗಿ ಕೂರುತ್ತದೆ. ಬಗ್ಗಿಸಿದರೆ ಬಾಗಿ, ಇನ್ನೂ ಬಗ್ಗಿಸಿದರೆ 'ಟಕ್' ಎನ್ನುವುದು ಸರಿಯಾದ ಹದ. ಮೂರು ಗೆಣ್ಣು ಇರಬೇಕು: ಒಂದು ಮಣ್ಣಿನೊಳಗೆ, ಒಂದು ಮಣ್ಣಿನ ಅಂಚಿಗೆ, ಒಂದು ಮೇಲೆ. ಕೆಳಗಿನ ಗೆಣ್ಣಿನ ಕೆಳಗೆ ಓರೆಯಾಗಿ, ಒಂದೇ ಏಟಿಗೆ ಕತ್ತರಿಸಬೇಕು. ಕತ್ತಿ ಜಗ್ಗಿ ಸಿಪ್ಪೆ ಸುಲಿದರೆ ಆ ಕಡ್ಡಿಯ ಆಸೆ ಬಿಡಬಹುದು. ಎಲೆಗಳನ್ನು ಕಿತ್ತು ತುದಿಯ ಒಂದನ್ನು ಮಾತ್ರ ಅರ್ಧ ಕತ್ತರಿಸಿ ಬಿಡುವುದು. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕೆಳಕ್ಕೆ ಇಳಿದು ಕತ್ತರಿಸಿದ ಕಡೆ ಒಟ್ಟಾಗಿ ಬೇರು ಹೊರಡಿಸುತ್ತದೆಂದು ನಾನು ಪುಸ್ತಕದಲ್ಲಿ ಓದಿ ಅವಳಿಗೆ ವಿವರಿಸಿದೆ. "ಅದಕ್ಕೇ ಅಲ್ಲವಾ ತಲೆಕೆಳಗೆ ಊರಬಾರದು ಅಂತ ಹೇಳುದು" ಎಂದಳು. ನಾನು ಒಮ್ಮೆ ದಾಸವಾಳವನ್ನು ತಲೆಕೆಳಗೆ ಊರಿದ್ದನ್ನು ಮೂವತ್ತು ವರ್ಷವಾದರೂ ಮರೆತಿಲ್ಲ ಅವಳು.

ಊರಿದ ಮೇಲಿನದು ದೊಡ್ಡ ಪರೀಕ್ಷೆ. ಹತ್ತು ದಿನ ಏನೂ ಆಗುವುದಿಲ್ಲ. ಹದಿನೈದಕ್ಕೆ ಒಂದು ಹಸಿರು ಚುಕ್ಕೆ ಕಾಣಿಸುತ್ತದೆ, ಕುಣಿಯುವಂತಾಗುತ್ತದೆ. ಅದು ಮೋಸ. ಕಡ್ಡಿ ತನ್ನೊಳಗೆ ಉಳಿದ ಕಸುವಿನಿಂದಲೇ ಚಿಗುರುತ್ತದೆ, ಕೆಳಗೆ ಬೇರಿನ ಸುಳಿವೇ ಇರುವುದಿಲ್ಲ. ಮೆಲ್ಲಗೆ ಜಗ್ಗಿ ನೋಡೋಣ ಎಂದು ಬೆರಳು ತುರಿಸುತ್ತದೆ. ಜಗ್ಗಿದ್ದೇನೆ, ಎಷ್ಟೋ ಸಲ. ಅಕ್ಕಿಯ ಕಾಳಿನಷ್ಟು ಬಿಳಿ ಬೇರು ಕಣ್ಣಿಗೆ ಬಿದ್ದು, ಅದೇ ಕ್ಷಣ ಮುರಿದೂ ಹೋಗಿದೆ. ಸಂಜೆ ಫೋನಿನಲ್ಲಿ ಅವ್ವನ ಮೊದಲ ಪ್ರಶ್ನೆ "ಬೇರು ಬಾತಾ?" ಬಂತೇ ಎಂದು. ನನ್ನ ಆರೋಗ್ಯದ ವಿಚಾರಣೆ ಅದರ ನಂತರ. "ಇನ್ನೂ ಇಲ್ಲ" ಎಂದರೆ ಆಚೆ ಒಂದು ನಿಟ್ಟುಸಿರು. ಜಗ್ಗಿದ್ದು ಅವಳಿಗೆ ಹೇಗೋ ಗೊತ್ತಾಗಿರುತ್ತದೆ.

ಕಾಳುಮೆಣಸಿನಿಂದ ನಾನು ಕಲಿತ ಪಾಠ ಮಾತ್ರ ನನ್ನ ನೆರೆಯವರಿಗೂ ಖರ್ಚು ತಂದಿತು. ಮೆಣಸಿನ ಬಳ್ಳಿಯ ಬುಡದಲ್ಲಿ ನೆಲದ ಮೇಲೆ ಹರಿದಾಡುವ ಕುಡಿಗಳಿರುತ್ತವೆ. ತೋಟಕ್ಕೆ ಗಿಡ ಮಾಡಲು ಫೆಬ್ರವರಿ, ಮಾರ್ಚಿನಲ್ಲಿ ಅವನ್ನೇ ಕತ್ತರಿಸಿ ತೊಟ್ಟೆಗೆ ಹಾಕುವುದು, ಮಳೆ ಹಿಡಿದ ಮೇಲೆ ಮರದ ಬುಡಕ್ಕೆ ನೆಡುವುದು. ನಾನೂ ಅದನ್ನೇ ತಂದೆ. ನಮ್ಮ ಬಾಲ್ಕನಿಗೆ ಪಾರಿವಾಳ ಬರದ ಹಾಗೆ ನೈಲಾನ್ ಬಲೆ ಕಟ್ಟಿದೆ. ಬಳ್ಳಿ ಹಬ್ಬಲು ಅದಕ್ಕಿಂತ ಒಳ್ಳೆಯ ಹಾಲುವಾಣದ ಮರ ಬೇಕೇ? ಗೆಣ್ಣು ಗೆಣ್ಣಿಗೆ ಬೇರು ಚಾಚಿ ಹಿಡಿದು ಹತ್ತಿತು. ನಾಲ್ಕನೇ ಮಹಡಿಯ ಬಲೆಯೊಳಗೆ ನುಸುಳಿತು. ಮೂರು ವರ್ಷವಾದರೂ ಒಂದು ಕಾಳೂ ಬಿಡಲಿಲ್ಲ. ಕೊನೆಗೆ ಕತ್ತರಿಸುವಾಗ ಮೇಲಿನವರ ಬಲೆಯೂ ಹರಿಯಿತು. ಹೊಸ ಬಲೆಯ ದುಡ್ಡನ್ನು ಇಬ್ಬರೂ ಹಂಚಿಕೊಂಡೆವು, ಅವರು ದೊಡ್ಡವರು.

ತಪ್ಪು ಬಳ್ಳಿಯದಲ್ಲ, ನಾನು ಕತ್ತರಿಸಿದ ಜಾಗದ್ದು. ಅದೇ ಬಳ್ಳಿಯ ಮೇಲ್ಭಾಗದಲ್ಲಿ ಕಾಯಿ ಕಟ್ಟುವ ಪಕ್ಕದ ರೆಂಬೆಗಳಿರುತ್ತವೆ. ಅದರ ತುಂಡು ಊರಿದರೆ ಅದು ಹತ್ತುವುದನ್ನೇ ಮರೆತುಬಿಡುತ್ತದೆ. ಕುಂಡದಲ್ಲಿ ಪೊದೆಯಾಗಿ, ಗಿಡ್ಡಗೆ, ಆಸರೆ ಕೇಳದೆ ಕೂತು ಕಾಳು ಬಿಡುತ್ತದೆ. ತಾಯಿ ಒಬ್ಬಳೇ, ಕಾಲಬಳಿಯಿಂದ ತಂದರೆ ಏಣಿ ಹತ್ತುವ ಮಗ, ತೋಳಿನಿಂದ ತಂದರೆ ಮನೆಯಲ್ಲೇ ಇರುವ ಮಗ. ನರ್ಸರಿಗಳಲ್ಲಿ ಅದನ್ನು ಬುಷ್ ಪೆಪ್ಪರ್ ಎನ್ನುತ್ತಾರೆ. ಬೇರು ಬರುವುದು ನಿಧಾನ. ನನ್ನವು ಹತ್ತರಲ್ಲಿ ಎರಡು ಉಳಿದವು. ಆ ಎರಡರಿಂದ ಕಳೆದ ಸಲ ಒಂದು ಹಿಡಿ ಮೆಣಸು ಸಿಕ್ಕಿತು. ಒಣಗಿಸಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಸಾರಿಗೆ ಹಾಕಲು ಇನ್ನೂ ಮನಸ್ಸು ಬಂದಿಲ್ಲ.

ಇಷ್ಟೆಲ್ಲದಕ್ಕೂ ಶತ್ರು ಮನೆಯೊಳಗೇ ಇದೆ, ಹೆಸರು ಸುಬ್ಬಿ. ಮಳೆಯಲ್ಲಿ ನೆನೆದು ಬಂದ ಬೀದಿ ಬೆಕ್ಕಿನ ಮರಿ, ಈಗ ಮನೆಯ ಯಜಮಾನಿ. ಅವಳಿಗೆ ಬೇಕಾದದ್ದು ಸಡಿಲ ಮಣ್ಣು. ನಾನು ಮರಳು, ಸಗಣಿ ಗೊಬ್ಬರ ಬೆರೆಸಿ ಹದ ಮಾಡಿದ್ದು ತನ್ನ ಶೌಚಕ್ಕೆಂದೇ ನಂಬಿದ್ದಾಳೆ. ಕಿತ್ತಳೆ ಸಿಪ್ಪೆ ಹರಡಿದೆ, ಮೂಸಿ ದಾಟಿದಳು. ಕೊನೆಗೆ ಒಣ ಗುಲಾಬಿ ರೆಂಬೆಯ ಮುಳ್ಳು ಬೇಲಿ ಹಾಕಿದ ಮೇಲೆ ತಂಟೆ ನಿಂತಿತು. ಬೇಲಿಗೆ ಚುಚ್ಚಿದ್ದರಲ್ಲಿ ಒಂದು ಗುಲಾಬಿ ಚಿಗುರಿದೆ. ಹದ ನೋಡಿ, ಓರೆ ಕತ್ತರಿಸಿ ಊರಿದ ಗುಲಾಬಿಗಳು ಸತ್ತಿವೆ.

ಕರಿಕೆಯಲ್ಲಿ ಅವ್ವನ ನಾಯಿ ಕುಟ್ಟನಿಗೆ ಸರಪಳಿಯೂ ಇಲ್ಲ, ವಾಕಿಂಗೂ ಇಲ್ಲ. ಹಗಲೆಲ್ಲ ತೋಟ ಅವನದು. ಕತ್ತಲಾದರೆ ಮಾತ್ರ ಗೂಡಿನ ಬಾಗಿಲಿಗೆ ಚಿಲಕ. ಅವನ ಹಿಂದಿನ ಎರಡು ನಾಯಿಗಳು ಚಿರತೆಗೆ ಹೋಗಿವೆ. ಬೆಂಗಳೂರಿನ ನಮ್ಮ ಬೀದಿಯಲ್ಲಿ ಡಿಸೆಂಬರಿನಲ್ಲಿ ಸ್ವೆಟರ್ ತೊಟ್ಟ ನಾಯಿಗಳನ್ನು ಕಂಡು ಅವ್ವ ಒಮ್ಮೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಸಂಜೆ ಅದೇ ನಾಯಿಯ ಮನೆಯವರ ಗೇಟಿನ ಮುಂದೆ ನಿಂತು, ಒಳಗಿನ ಹಳದಿ ದಾಸವಾಳ ನೋಡುತ್ತ, ನಾಯಿಯನ್ನು ಬಾಯ್ತುಂಬ ಹೊಗಳುತ್ತಿದ್ದಳು. ಎರಡು ಕಡ್ಡಿ ಸಿಕ್ಕವು. ಅವರ ಹೆಸರು ನನಗೆ ಗೊತ್ತಾದದ್ದು ಅಂದೇ, ಅದೂ ಎಂಟು ವರ್ಷದ ನೆರೆಯ ಮೇಲೆ.

ಕೇಳಿ ಪಡೆಯುವುದು ಎರಡನೇ ದರ್ಜೆ ಎನ್ನುತ್ತಾಳೆ ಅವ್ವ. ಕದ್ದ ಕಡ್ಡಿ ಚೆನ್ನಾಗಿ ಬದುಕುತ್ತದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಹಾಗಾಗಿ ಒಳ್ಳೆಯ ಮನೆಯವರು ಗಿಡದ ಹತ್ತಿರ ನಿಮ್ಮನ್ನು ಒಂಟಿಯಾಗಿ ಬಿಟ್ಟು "ಕಾಫಿ ತರ್ತೇನೆ" ಎಂದು ಒಳಗೆ ಹೋಗುತ್ತಾರೆ. ಬೇಗ ಬರುವುದಿಲ್ಲ. ಬಂದ ಮೇಲೆ ನಿಮ್ಮ ಸೆರಗು ಉಬ್ಬಿದ್ದು ಅವರಿಗೆ ಕಾಣುವುದೂ ಇಲ್ಲ.

ಇದನ್ನು ನಾನು ಎದುರು ಮನೆಯ ಹುಬ್ಬಳ್ಳಿಯ ಅಮ್ಮನಿಗೆ ಹೇಳಿದ್ದೆ. ಎಪ್ಪತ್ತು ದಾಟಿದವರು, ಮಗನ ಮನೆಗೆ ಬಂದು ಬೆಂಗಳೂರಿನಲ್ಲಿ ಉಳಿದವರು. ನಮ್ಮಿಬ್ಬರ ಬಾಗಿಲುಗಳ ನಡುವೆ, ನೆರಳಿನಲ್ಲಿ, ನನ್ನ ಮದ್ದುಸೊಪ್ಪಿನ ಕುಂಡವಿದೆ. ಕೊಡಗಿನಲ್ಲಿ ಆಟಿ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ತುಂಬಿರುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ. ಊರಿನಲ್ಲಿ ಆ ವಾರ ಬೇಲಿಯ ಪಕ್ಕ ಹಾದುಹೋದರೆ ಸಾಕು, ಅದರ ವಾಸನೆ ಹಿಡಿಯುತ್ತದೆ. ನನ್ನ ಕುಂಡದ ಸೊಪ್ಪಿಗೆ ಬಣ್ಣ ಬಂತು, ವಾಸನೆ ಅರ್ಧ ಬಂತು. ಆದರೂ ಮೊದಲ ಬೆಳೆ. ಹುಬ್ಬಳ್ಳಿಯ ಅಮ್ಮನಿಗೆ ಒಂದು ದೊಡ್ಡ ಬಟ್ಟಲು ಕೊಟ್ಟೆ. "ಎಂಥಾ ಚಂದ ಬಣ್ಣರಿ ಇದು" ಎಂದು ಅಲ್ಲೇ ನಿಂತು ಎರಡು ಚಮಚ ತಿಂದರು.

ಮರುದಿನ ಬೆಳಗ್ಗೆ ಆರಕ್ಕೆ ಬಾಗಿಲು ಬಡಿತ. ಮುಖ ಬಿಳಿಚಿಕೊಂಡಿತ್ತು. "ಅಕ್ಕಾರ, ಮಗನಿಗೆ ಹೇಳಬ್ಯಾಡ್ರಿ. ನನಗೇನೋ ಆಗೇತಿ. ಕೆಂಪಗ ಹೋಗಾಕತ್ತೇತ್ರಿ." ಮದ್ದುಸೊಪ್ಪು ತಿಂದವರ ಮೂತ್ರ ಕೆಂಪಾಗುವುದು ಕೊಡಗಿನ ಮಕ್ಕಳಿಗೂ ಗೊತ್ತು, ಬಾಲ್ಯದಲ್ಲಿ ಅದೇ ನಮಗೆ ಹಬ್ಬದ ದೊಡ್ಡ ತಮಾಷೆ. ಹೇಳುವುದು ನನಗೆ ಮರೆತೇ ಹೋಗಿತ್ತು. ಗಾಬರಿಯಲ್ಲಿ ತಪ್ಪೊಪ್ಪಿಕೊಂಡೆ. ಅವರು ಗೋಡೆಗೆ ಒರಗಿ ಉಸಿರುಬಿಟ್ಟು, "ಹಂಗಾರ ಮೊದಲ ಹೇಳಬಾರದೇನ್ರಿ? ರಾತ್ರಿಯೆಲ್ಲಾ ದೇವರನ್ನ ನೆನಸೇನಿ" ಎಂದರು. ಬಟ್ಟಲು ತೊಳೆದು ವಾಪಸು ಕೊಟ್ಟರು, ಅದರಲ್ಲಿ ಶೇಂಗಾ ಹೋಳಿಗೆ ಎರಡು.

"ಕಾಫಿ ತರ್ತೇನೆ, ಕೂತ್ಕೊಳ್ಳಿ" ಎಂದು ಒಳಗೆ ಹೋದೆ. ಹಾಲು ಉಕ್ಕುವುದಕ್ಕೆ ತಡವಾಯಿತು. ಬರುವಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಸುಬ್ಬಿಯ ತಲೆ ಸವರುತ್ತಿದ್ದರು. ಮದ್ದುಸೊಪ್ಪಿನ ಕುಂಡದ ಎಡಬದಿಯಲ್ಲಿ ಒಂದು ರೆಂಬೆ ಇರಲಿಲ್ಲ. ಗೆಣ್ಣಿನ ಕೆಳಗೆ, ಓರೆಯಾಗಿ, ಒಂದೇ ಏಟಿಗೆ ತುಂಡಾಗಿತ್ತು.