ಖಾಲಿ ಚೀಟಿ



ಕಳೆದ ತಿಂಗಳ ಯುವಕೂಟದಲ್ಲಿ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು ಕೇಳಿದೆವು: "ಕಷ್ಟವಾದರೆ, ತಪ್ಪಾದರೆ ಮೊದಲು ಯಾರಿಗೆ ಹೇಳುತ್ತೀರಿ? ನಿಮ್ಮ ಹೆಸರು ಬೇಡ." 14 ಚೀಟಿಗಳಲ್ಲಿ ಹೆಚ್ಚಿನವು 'ಫ್ರೆಂಡ್'. ಮೂರರಲ್ಲಿ 'ಅಮ್ಮ'. 'ಅಪ್ಪ' ಒಂದರಲ್ಲೂ ಇರಲಿಲ್ಲ. ಒಂದು ಚೀಟಿ ಖಾಲಿ.

ಕೂಟ ಮುಗಿದ ಮೇಲೆ ಒಬ್ಬ ಹುಡುಗ ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದ. ಖಾಲಿ ಚೀಟಿ ಅವನದ್ದು. ಅವನ ಮತ್ತು ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಹತ್ತನೆಯವರೆಗೆ ಅವನು ಕನ್ನಡ ಮಾಧ್ಯಮದವನು. ಪ್ಲಸ್ ಒನ್‌ಗೆ ಹೋದಾಗ ಪುಸ್ತಕ ಇಂಗ್ಲಿಷಿನದ್ದು, ವಿವರಣೆ ಮಲಯಾಳದಲ್ಲಿ. ನಮ್ಮ ಕಾಸರಗೋಡಿನಲ್ಲಿ ಇದು ಹಲವರ ಅನುಭವ. ಅಂಕ ಇಳಿಯಿತು. ಗಲ್ಫಿನಲ್ಲಿರುವ ಅಪ್ಪ ವೀಡಿಯೊ ಕಾಲಿನಲ್ಲಿ "ಎಲ್ಲ ಆ ಮೊಬೈಲಿನಿಂದ" ಎಂದು ಬೈದರು. ಅಮ್ಮ ಮೊಬೈಲ್ ತೆಗೆದು ಕಪಾಟಿನಲ್ಲಿಟ್ಟರು. ಪಾಠ ಅರ್ಥವಾಗುತ್ತದೆಯಾ ಎಂದು ಯಾರೂ ಕೇಳಲಿಲ್ಲ. ಮುಂದಿನ ಪರೀಕ್ಷೆಯ ಅಂಕವನ್ನು ಅವನು ಮನೆಯಲ್ಲಿ ಹೇಳಲೇ ಇಲ್ಲ.

ಹೆತ್ತವರನ್ನು ದೂರುವ ಮೊದಲು ನಮ್ಮ ತಪ್ಪನ್ನೂ ಹೇಳಬೇಕು. ಕ್ರಿಸ್ಮಸ್ ಕ್ಯಾರಲ್ ಅಭ್ಯಾಸಕ್ಕೆ ತಡವಾಗಿ ಬಂದನೆಂದು ಇದೇ ಹುಡುಗನನ್ನು ಎಲ್ಲರೆದುರು ಗದರಿದವರು ನಾವೇ. ಯಾಕೆ ತಡವಾಯಿತೆಂದು ನಾವೂ ಕೇಳಿರಲಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲಿ ಹೆತ್ತವರ ರೀತಿಯನ್ನು ಮೂರಾಗಿ ಗುರುತಿಸಿದರು: ಬರೀ ಆಜ್ಞೆ ಮಾಡುವವರು, ಎಲ್ಲದಕ್ಕೂ ಆಯಿತು ಎನ್ನುವವರು, ನಿಯಮವಿಟ್ಟು ಅದರ ಕಾರಣವನ್ನೂ ಹೇಳಿ ಮಕ್ಕಳ ಮಾತು ಕೇಳುವವರು. ಲೆಕ್ಕಕ್ಕೇ ಇಡದವರು ಎಂಬ ನಾಲ್ಕನೆಯ ಗುಂಪು 1983ರಲ್ಲಿ ಸೇರಿತು. ಮೂರನೆಯ ರೀತಿಯ ಮನೆಗಳಲ್ಲಿ ಬೆಳೆದವರಲ್ಲಿ ಸಾಮಾನ್ಯವಾಗಿ ಆತ್ಮವಿಶ್ವಾಸ ಹೆಚ್ಚು ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಶಿಸ್ತು ಬೇಡವೆಂದಲ್ಲ. ಹೆದರಿಕೆ ಮಾತ್ರ ಇದ್ದಲ್ಲಿ ಮಕ್ಕಳು ತಪ್ಪು ತಿದ್ದಿಕೊಳ್ಳುವ ಬದಲು ಮುಚ್ಚಿಡಲು ಕಲಿಯುತ್ತಾರೆ.

ಹನ್ನೆರಡರ ಬಾಲ ಯೇಸು ಕಾಣೆಯಾದಾಗ ಮರಿಯಮ್ಮ, ಜೋಸೆಫರು ಮೂರು ದಿನ ಕಳವಳದಿಂದ ಹುಡುಕಿದರು. ಸಿಕ್ಕಾಗ ತಾಯಿ ತಮ್ಮ ನೋವನ್ನು ಹೇಳಿ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು. ಉತ್ತರ ಅರ್ಥವಾಗದಿದ್ದರೂ ಮನಸ್ಸಿನಲ್ಲಿಟ್ಟುಕೊಂಡರು. ಮಗ ಅವರೊಂದಿಗೆ ಮನೆಗೆ ಹೋಗಿ ವಿಧೇಯನಾಗಿದ್ದನು.

ಆ ಹುಡುಗನ ಜೊತೆ ಅವನ ಮನೆಗೆ ಹೋದೆವು. ಮೊದಲು ಅಮ್ಮನಿಗೆ, ರಾತ್ರಿ ಅಪ್ಪನಿಗೆ ಅವನೇ ಹೇಳಿದ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ಅಂದರು: "ಇಲ್ಲಿಗೆ ಬಂದ ಮೊದಲ ವರ್ಷ ನನಗೂ ಯಾರ ಮಾತೂ ಅರ್ಥವಾಗ್ತಿರಲಿಲ್ಲ ಮಗಾ. ಊರಿಗೆ ಹೇಳಿರಲಿಲ್ಲ."

ಈಗ ಭಾನುವಾರ ಪೂಜೆಯ ಬಳಿಕ ನಮ್ಮ ಒಬ್ಬ ಅಕ್ಕ ಅವನಿಗೆ ಕನ್ನಡದಲ್ಲಿ ಪಾಠ ಹೇಳಿಕೊಡುತ್ತಿದ್ದಾರೆ. ಬೇಕಾದವರು ಬನ್ನಿ.

ಹೆತ್ತವರೇ, ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಕೂತು, ಅಂಕದ ವಿಷಯ ಬಿಟ್ಟು, ಮಕ್ಕಳನ್ನು ಮಾತಾಡಿಸಿ. ಗೆಳೆಯರೇ, ಕೇಳಿದಾಗ 'ಏನಿಲ್ಲ' ಎಂದು ಎದ್ದು ಹೋಗಬೇಡಿ. ನಾವೂ ಗದರುವ ಮೊದಲು ಕೇಳುತ್ತೇವೆ.