ನಾಗಪುರದ ಬಿಸಿಲೂ ನಮ್ಮ ಲ್ಯಾಪ್‌ಟಾಪೂ

ಮಗಳು ಇಂಜಿನಿಯರಿಂಗಿಗೆ ಸೇರಿದಾಗ ಲ್ಯಾಪ್‌ಟಾಪು ಬೇಕೆಂದಳು. ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಕೊಡಿಸಲು ಹಣವೂ ಇರಲಿಲ್ಲ. ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರಿಗೆ ಬಡ್ಡಿಯ ಮೇಲೆ ಕೊಡುವ ಮುಂಗಡಗಳಲ್ಲಿ ಏಳನೆಯ ವೇತನ ಆಯೋಗದ ತರುವಾಯ ಉಳಿದುಕೊಂಡವು ಎರಡೇ: ಮನೆ ಕಟ್ಟಲು ಒಂದು, ಕಂಪ್ಯೂಟರ್ ಕೊಳ್ಳಲು ಒಂದು. ಎರಡನೆಯದು 50,000 ರೂಪಾಯಿಯವರೆಗೆ. ಅರ್ಜಿ ಹಾಕಿದೆ, ಮಂಜೂರಾಯಿತು, ತಿಂಗಳಿಗೆ ಸಾವಿರದಂತೆ ಕಂತು ಗೊತ್ತಾಯಿತು. 2023ರ ಜುಲೈಯಲ್ಲಿ ಬೆಂಗಳೂರಿಗೆ ಭಾವಮೈದುನನ ಮನೆಗೆ ಹೋದಾಗ ಅಲ್ಲಿಯ ಅಂಗಡಿಯೊಂದರಲ್ಲಿ 52,000ಕ್ಕೆ ಕೊಂಡೆವು. ಇಲ್ಲಿಗಿಂತ ಅಲ್ಲಿ ಎರಡು ಸಾವಿರ ಅಗ್ಗ. ಆ ಎರಡು ಸಾವಿರ ಮುಂದೆ ನನ್ನನ್ನು ಹೇಗೆ ಕುಣಿಸಿತೆಂಬುದನ್ನು ಹೇಳಹೊರಟಿದ್ದೇನೆ.

ಅಕ್ಟೋಬರಿನ ಒಂದು ರಾತ್ರಿ ಮಗಳು, "ಅಪ್ಪಾ, ಪರದೆ ಕರ್ರಗ ಆತು" ಎಂದಳು. ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ದೆ. ಕೌಂಟರಿನ ಹುಡುಗ ಬಲು ವಿನಯವಂತ. "ದೋ ದಿನ್, ಸಾಹೇಬ್" ಎಂದ. ಒಂಬತ್ತನೆಯ ದಿನ ಕೊಟ್ಟ. ನಾನು ಕಾಗದ ಕೇಳಲಿಲ್ಲ, ಅವನು ಕೊಡಲಿಲ್ಲ. ಆಫೀಸಿನಲ್ಲಿ ಡೈರಿ ನಂಬರಿಲ್ಲದ ಕಾಗದವನ್ನು ಮೇಜಿನ ಮೇಲೆ ಇಡಗೊಡದ ಮನುಷ್ಯ ನಾನು! ಡಿಸೆಂಬರಿನಲ್ಲಿ ಮತ್ತೆ ಕರ್ರಗಾಯಿತು. ಈ ಸಲ ಜಾಬ್ ಶೀಟು ಕೇಳಿ ಪಡೆದೆ. "ಪರೀಕ್ಷಿಸಲಾಯಿತು, ದೋಷ ಕಾಣಲಿಲ್ಲ" ಎಂದಿತ್ತು. ಫೆಬ್ರವರಿಯಲ್ಲಿ ಅದೇ ಕಾಣದ ದೋಷಕ್ಕಾಗಿ ಮದರ್‌ಬೋರ್ಡನ್ನೇ ಬದಲಿಸಿದರು. 2024ರ ಮೇ ತಿಂಗಳಲ್ಲಿ ನಾಲ್ಕನೆಯ ಬಾರಿ ಒಯ್ದಾಗ ಇಂಜಿನಿಯರ್ ಮಹಾಶಯರು ಹೊರಗೆ ಬಂದು, "ಏನು ಮಾಡೋಣ, ನಾಗಪುರದ ಬಿಸಿಲು" ಎಂದು ಆಕಾಶದ ಕಡೆ ಕೈ ತೋರಿಸಿದರು. ಶೀಟಿನಲ್ಲಿ "ಅಧಿಕ ಉಷ್ಣತೆಯಿಂದ ತೊಂದರೆ" ಎಂದು ಬರೆದರು.

ಮನೆಗೆ ಬಂದು ಕೈಪಿಡಿ ತೆಗೆದೆ. ಯಂತ್ರ 35 ಡಿಗ್ರಿಯವರೆಗೆ ಕೆಲಸ ಮಾಡತಕ್ಕದ್ದೆಂದು ಬರೆದಿತ್ತು. ನಮ್ಮ ಊರಿನಲ್ಲಿ ಮೇ ತಿಂಗಳು 45 ದಾಟುವುದು ಹೊಸದಲ್ಲ. ಕೂಲರ್ ಹಚ್ಚಿದರೂ ನಮ್ಮ ನಡುಮನೆ 35ಕ್ಕೆ ಇಳಿಯುವುದಿಲ್ಲ. ಎದೆ ಧಸಕ್ಕೆಂದಿತು. ತಪ್ಪು ನಮ್ಮದೇ ಆಯಿತಲ್ಲ ಎಂದು ಎರಡು ದಿನ ಸುಮ್ಮನಿದ್ದೆ. ಆಮೇಲೆ ನಾನು ಎಂದೋ ಓದಿದ ಬಿ.ಎಸ್ಸಿ. ನೆರವಿಗೆ ಬಂತು. ಪರಿಣಾಮ ಡಿಸೆಂಬರಿನಲ್ಲೂ ಇತ್ತು, ಮೇ ತಿಂಗಳಲ್ಲೂ ಇತ್ತು. ಬಿಸಿಲು ಮೇ ತಿಂಗಳಲ್ಲಿ ಮಾತ್ರ. ಸ್ವೆಟರು ಹಾಕಿಕೊಂಡು ಓದುತ್ತಿದ್ದ ಹುಡುಗಿಯ ಯಂತ್ರ ಕೆಟ್ಟದ್ದು ಸೂರ್ಯನಿಂದಲೇ? ಡಿಸೆಂಬರ್, ಫೆಬ್ರವರಿಗಳ ಆ ಎರಡು ಹಾಳೆಗಳು ಇಲ್ಲದೆ ಹೋಗಿದ್ದರೆ ನನ್ನ ವಿಜ್ಞಾನವನ್ನು ಕೇಳುವವರಾರು?

ಜುಲೈಗೆ ವಾರಂಟಿ ಮುಗಿಯಿತು. ಆಗಸ್ಟಿನಲ್ಲಿ ಐದನೆಯ ಬಾರಿ ಪರದೆ ಹೋಯಿತು. "ಹೊಸ ಮದರ್‌ಬೋರ್ಡಿಗೆ 19,500" ಎಂದರು. ಲೆಕ್ಕ ಹಾಕಿದೆ: ಹದಿಮೂರು ತಿಂಗಳಲ್ಲಿ ಯಂತ್ರ 71 ದಿನ ಅವರ ಕಪಾಟಿನಲ್ಲಿತ್ತು, ಕಂತು ಮಾತ್ರ ತಪ್ಪದೆ ಸಂಬಳದಿಂದ ಹೋಗುತ್ತಿತ್ತು. ಮಗಳು ಪ್ರಾಜೆಕ್ಟಿಗಾಗಿ ಗೆಳತಿಯ ಹಾಸ್ಟೆಲ್ಲಿನಲ್ಲಿ ಸರದಿ ಕಾಯುತ್ತಿದ್ದಳು. "ಬಿಡಪ್ಪಾ, ನಾ ಹೆಂಗರ ಮಾಡತೇನಿ" ಎಂದಳು. ಬೇಕೆಂದು ಹಟ ಮಾಡಿದ್ದರೆ ಗದರಿಸಿಬಿಡುತ್ತಿದ್ದೆನೇನೋ. ಬಿಡು ಎಂದದ್ದನ್ನು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಂಘದ ಕಾರ್ಯಕ್ರಮದಲ್ಲಿ ಉಪ್ಪಿಟ್ಟು ತಿನ್ನುತ್ತ ವಿಷಯ ಎತ್ತಿದೆ. "ಬೆಂಗಳೂರಾಗ ತೊಗೊಂಡೀರಿ, ಕೇಸೂ ಬೆಂಗಳೂರಾಗ ಹಾಕಬೇಕ್ರಿ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಒಂದೊಂದು ತಾರೀಖಿಗೂ ರೈಲು ಹತ್ತುವುದೆಂದರೆ ಲ್ಯಾಪ್‌ಟಾಪಿನ ಬೆಲೆ ಟಿಕೇಟಿಗೇ ಆದೀತು! ಹಿರಿಯರದು ಸುಳ್ಳೇನಲ್ಲ. 1986ರ ಕಾಯಿದೆಯ ಪ್ರಕಾರ ಎದುರು ಪಕ್ಷದವರು ಇರುವಲ್ಲಿ ಇಲ್ಲವೆ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಾಗಿತ್ತು. ಆದರೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮು, ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದೆನ್ನುತ್ತದೆ. ಊರು ಬಿಟ್ಟು ಬಂದ ನಮ್ಮಂಥವರನ್ನು ನೆನೆದೇ ಬರೆದರೇನೋ ಎನ್ನಿಸಿತು. ಕಾಯಿದೆಯ ಪ್ರತಿ ತೆಗೆದು ಆ ಹಿರಿಯರಿಗೂ ಒಂದು ಕೊಟ್ಟೆ. ಅವರು ಕನ್ನಡಕ ಮರೆತು ಬಂದಿದ್ದರು.

ಮೊದಲು 1915ಕ್ಕೆ ಫೋನು ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತಾರೆ, ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಮದರ್‌ಬೋರ್ಡಿನ ಬೆಲೆಯಲ್ಲಿ ಶೇಕಡ 20 ಬಿಡುವುದಾಗಿ ಕಂಪನಿ ಹೇಳಿತು. ಒಲ್ಲೆನೆಂದೆ. ಅಂಗಡಿಗೂ ಕಂಪನಿಗೂ ನೋಟೀಸು ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. (ಆಗಿನ್ನೂ ಅದಿತ್ತು, 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು.) ಉತ್ತರವಿಲ್ಲ. ನವೆಂಬರಿನಲ್ಲಿ ಬಿಲ್ಲು, ವಾರಂಟಿ ಕಾರ್ಡು, ಜಾಬ್ ಶೀಟುಗಳು, ನೋಟೀಸಿನ ಪ್ರತಿ, ಅಫಿಡವಿಟ್ಟು ಎಲ್ಲವನ್ನೂ ಸೇರಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಫೀಸು ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಟ್ಟರಾಯಿತು. ಕಂಪ್ಯೂಟರಿನ ಮೂಲಕವೇ ಸಲ್ಲಿಸಬಹುದು; ಆಗ ಅದಕ್ಕೆ ಇ-ದಾಖಿಲ್ ಎನ್ನುತ್ತಿದ್ದರು, 2025ರ ಜನವರಿಯಿಂದ ಇ-ಜಾಗೃತಿ. ನಮ್ಮದು ಕೆಟ್ಟಿದ್ದರಿಂದ ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಸಲ್ಲಿಸಿದೆ.

ಆಯೋಗ ಸಿವಿಲ್ ಲೈನ್ಸಿನಲ್ಲಿದೆ, ಸದರಿನಿಂದ ನಡೆದೇ ಹೋಗುವಷ್ಟು ದೂರ. ಅರ್ಧ ದಿನದ ರಜೆ ಹಾಕಿ ಹೋಗಿ ಕೂರುತ್ತಿದ್ದೆ. ಕಂಪನಿಯ ವಕೀಲರು ಹೇಳಿದ್ದು ಒಂದೇ ಮಾತು: ಹಲವು ಸಲ ರಿಪೇರಿಯಾದ ಮಾತ್ರಕ್ಕೆ ತಯಾರಿಕೆಯ ದೋಷವೆನ್ನಲಾಗದು, ತಜ್ಞರ ವರದಿ ಎಲ್ಲಿ? ಕೇಳಲು ಹರಿತವಾದ ಪ್ರಶ್ನೆಯೇ. ಆದರೆ ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಲು ಆಯೋಗಕ್ಕೆ 38ನೆಯ ಕಲಮಿನಲ್ಲಿ ಅಧಿಕಾರವಿದೆ. 2010ರಲ್ಲಿ ಸುಪ್ರೀಂ ಕೋರ್ಟು ಒಂದು ಕಾರಿನ ಮೊಕದ್ದಮೆಯಲ್ಲಿ, ಇಂಜಿನ್ನು ಬದಲಿಸಿಕೊಟ್ಟಿದ್ದರೂ, ಸ್ವತಂತ್ರ ತಜ್ಞರು ಪರೀಕ್ಷಿಸಿ ಮೂಲದಲ್ಲೇ ದೋಷವಿದೆಯೆಂದರೆ ಹಣ ಹಿಂತಿರುಗಿಸಬೇಕೆಂದು ಹೇಳಿತ್ತು. ನಾನೇ ಪರೀಕ್ಷೆ ಆಗಲೆಂದು ಅರ್ಜಿ ಕೊಟ್ಟೆ. ಅರ್ಜಿ ಬಿದ್ದ ಮೇಲೆ ವಕೀಲರ ದನಿ ಇಳಿಯಿತು.

ವಿಷಯ ಮಧ್ಯಸ್ಥಿಕೆಗೆ ಹೋಯಿತು. ನಾನು ಬೆಲೆ, ಬಡ್ಡಿ, ಮೇಲೆ 25,000 ಪರಿಹಾರ ಕೇಳಿದ್ದೆ. ಅವರು ಬೆಲೆ ಮಾತ್ರ ಕೊಡುವುದಾಗಿ ಹೇಳಿದರು. ಅನುಭವಿಸಿದ ಕಿರುಕುಳಕ್ಕೂ ಪರಿಹಾರ ಕೊಡಿಸಬಹುದೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದ್ದು ನನಗೆ ಗೊತ್ತಿತ್ತು. ಹಟ ಹಿಡಿಯಬಹುದಿತ್ತು. ಪರೀಕ್ಷೆ ಬೇಕಾದರೆ ಐದು ತಿಂಗಳು, ಇಲ್ಲದಿದ್ದರೆ ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ನನ್ನದಕ್ಕೆ ಆಗಲೇ ಏಳು ತಿಂಗಳಾಗಿತ್ತು. ಒಪ್ಪಿಕೊಂಡು ಸಹಿ ಹಾಕಿದೆ. "ಅಷ್ಟು ದಿನದ ಬಡ್ಡಿ ಯಾರಪ್ಪನ ಮನಿಗೆ ಹೋತ್ರೀ?" ಎಂದು ಮನೆಯವಳು ಈಗಲೂ ಕೇಳುತ್ತಾಳೆ. ಸರಿಯಾದ ಪ್ರಶ್ನೆ. ನಾನು ಸೋತೆನೋ ಗೆದ್ದೆನೋ ನನಗೇ ಒಮ್ಮೊಮ್ಮೆ ತಿಳಿಯುವುದಿಲ್ಲ.

2025ರ ಜುಲೈಯಲ್ಲಿ 52,000 ಕೈಗೆ ಬಂತು. ಯಂತ್ರವನ್ನು ಮರಳಿ ಕೊಡಬೇಕಾಯಿತು. ಮಗಳು ಅದರ ಮೇಲೆ ಅಂಟಿಸಿದ್ದ ಚಿಟ್ಟೆಯ ಚಿತ್ರವನ್ನು ಉಗುರಿನಿಂದ ಕೆರೆದು ತೆಗೆದಳು.

ಹೊಸದನ್ನು ಸದರಿನಲ್ಲೇ ಕೊಂಡೆವು, ಎರಡು ಸಾವಿರ ಹೆಚ್ಚು ಕೊಟ್ಟು. ಅಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮನೆಯವಳು ತನ್ನ ಹಿಂದಿಯಲ್ಲಿ, "ಭಾಯಿಸಾಬ್, ಬಿಗಡ್ ಗಯಾ ತೋ ಕಾಗಜ್ ದೇತೇ ಕ್ಯಾ?" ಎಂದು ಕೇಳಿದಳು. ಅವನಿನ್ನೂ ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ.