ಫಾರ್ಮ್ಯಾಟ್ ಮಾಡೋಕೆ ಮುಂಚೆ

ಕಕ್ಕಡದ ಮಳೆಯಲ್ಲಿ ಮಡಿಕೇರಿಗೆ ಹೋದ ನಮ್ಮಿಬ್ಬರಿಗೆ, ಅಂದ್ರೆ ಅಕ್ಕ ತಮ್ಮನಿಗೆ, ಮನೆಯ ಹಳೇ ಡೆಸ್ಕ್‌ಟಾಪ್ ಒಳ್ಳೇ ಕೆಲಸ ಕೊಟ್ಟಿತು. ಆನ್ ಆಗುತ್ತೆ, ವಿಂಡೋಸ್ ಬರುತ್ತೆ, ಎರಡೇ ನಿಮಿಷಕ್ಕೆ ಆಫ್!

'ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ' ಅಂದರು ಅಂಗಡಿಯವರು. ಅಪ್ಪ ಒಪ್ಪಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರಿನ ನಮ್ಮ ಹಳೇ ಮನೆ ಹೋಯಿತು. ಅದರ ಫೋಟೋಗಳು ಇರೋದು ಇದೊಂದರಲ್ಲೇ.

ಹಾಗಾಗಿ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟೆವು. ಡಿಸ್ಕ್ ಇಲ್ಲದೆಯೇ ಬಯಾಸ್‌ಗೆ ಹೋಗಿ ಸುಮ್ಮನೆ ನೋಡುತ್ತಾ ಕೂತೆವು. ಅಲ್ಲೂ ಆಫ್! ಅಂದಮೇಲೆ ತಪ್ಪು ವಿಂಡೋಸಿನದಲ್ಲ, ವೈರಸ್ಸಿನದೂ ಅಲ್ಲ. ಪ್ರೊಸೆಸರ್ ತಾಪಮಾನ 60, 75, 90 ಡಿಗ್ರಿ ಅಂತ ಏರುತ್ತಲೇ ಇತ್ತು. ಸುಟ್ಟುಹೋಗಬಾರದು ಅಂತ ಪಾಪ, ಅದು ತಾನಾಗೇ ಆಫ್ ಆಗ್ತಿತ್ತು.

ಹೀಟ್‌ಸಿಂಕ್ ಬಿಚ್ಚಿದರೆ ತುಂಬಾ ಧೂಳು. ಮಳೆಗಾಲದ ಥಂಡಿಗೆ ಕಂಬಳಿಯಂತೆ ಅಂಟಿಕೊಂಡಿತ್ತು. ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಎಲ್ಲ ಒರೆಸಿ, ಕಾಳುಮೆಣಸಿನಷ್ಟು ಹೊಸ ಪೇಸ್ಟ್ ಹಚ್ಚಿದೆವು. ಆಮೇಲೆ ತಾಪಮಾನ 45 ದಾಟಲಿಲ್ಲ.

ಡಿಸ್ಕ್ ಜೋಡಿಸಿ, ಮೊದಲು ಫೋಟೋಗಳನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿದೆವು. ಫಾರ್ಮ್ಯಾಟ್ ಮಾಡಿಸಿದ್ದರೆ ಫೋಟೋನೂ ಹೋಗ್ತಿತ್ತು, ಕಾಯಿಲೆನೂ ಹಾಗೇ ಇರ್ತಿತ್ತು.

ಅಜ್ಜಿ ಸ್ಕ್ರೀನ್ ಹತ್ತಿರ ಬಂದು, ಜಗಲಿಯ ಕಂಬದ ಮೇಲೆ ಬೆರಳಿಟ್ಟು ಕೇಳಿದರು: 'ಇನ್ನು ಆಫ್ ಆಗಲ್ಲ ತಾನೆ?'